ಆರು ದೀಪ, ಒಂದು ರೇಡಿಯೊ

"ಬಾಬಾ, ಈಗ ದೀಪ ಹಾಕಿ!" ಯುಸ್ರಾ ಅಪ್ಪನಿಗೆ ಕೂಗಿ ಹೇಳಿದಳು.

ಬಾಬಾ ಸ್ವಿಚ್ ಒತ್ತಿದರು. ದೋಣಿಯ ಆರೂ ಎಲ್‌ಇಡಿ ದೀಪಗಳು ಹಾಡಹಗಲಲ್ಲೇ ಫಳ್ಳನೆ ಹೊತ್ತಿಕೊಂಡವು. ಅಲ್ಲಿಯವರೆಗೆ ಬಂದರಿನವರ ಮಾತು ಕೇಳಿಸುತ್ತಿದ್ದ ರೇಡಿಯೊ, ಬಾಣಲೆಗೆ ಮೀನು ಬಿದ್ದ ಹಾಗೆ 'ಚುಂಯ್‌ಯ್' ಎನ್ನತೊಡಗಿತು.

"ಈಗ ಆರಿಸಿ!"

ಆರಿಸಿದರು. ಮಾತು ಮತ್ತೆ ಕೇಳಿಸಿತು.

"ನೋಡಿದ್ರಾ? ರೇಡಿಯೊ ಕೆಟ್ಟಿಲ್ಲ. ಎಲ್ಲಾ ದೀಪದ್ದೇ ಕಿತಾಪತಿ!"

ಅವರ ಕಡಲತೀರದ ಊರು ಮಹ್ದಿಯಾದಲ್ಲಿ ಬೂತಾಯಿ ಮೀನು ಹಿಡಿಯುವವರಿಗೆ ದೀಪ ಬೇಕೇ ಬೇಕು. ಕತ್ತಲಲ್ಲಿ ಬೆಳಕು ಬಿಟ್ಟರೆ ಮೀನು ಮೇಲೆ ಬರುತ್ತವೆ. ಹೊಸ ದೀಪ ಹಾಕಿಸಿದ ಮೇಲೆ ಬಲೆ ತುಂಬುತ್ತಲೂ ಇತ್ತು. ಆದರೆ ಕಳೆದ ಮಂಗಳವಾರ, "ಗಾಳಿ ಏಳುತ್ತಿದೆ, ಎಲ್ಲರೂ ವಾಪಸ್ ಬನ್ನಿ" ಎಂದು ರೇಡಿಯೊದಲ್ಲಿ ಮೂರು ಸಲ ಹೇಳಿದ್ದು ಬಾಬಾಗೆ ಕೇಳಿಸಲೇ ಇಲ್ಲ. ಬೇರೆ ದೋಣಿಗಳೆಲ್ಲ ಬಂದು ಎರಡು ಗಂಟೆಯಾದ ಮೇಲೆ ಬಾಬಾ ಬಂದರು. ಅಷ್ಟು ಹೊತ್ತೂ ಅಮ್ಮ ದಡದಲ್ಲೇ ನಿಂತಿದ್ದಳು. ಯುಸ್ರಾಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳು ನೋಯುತ್ತಿದ್ದವು.

"ಆಗಾಗ ದೀಪ ಆರಿಸಿ ಕೇಳ್ತೀನಿ, ಬಿಡಮ್ಮ," ಎಂದರು ಬಾಬಾ.

"ಆರಿಸಿದ್ರೆ ಮೀನು ಓಡಿಹೋಗುತ್ತೆ ಅಂತ ನೀವೇ ಹೇಳಿದ್ರಲ್ಲ! ಒಂದು ದಿನ ಆರಿಸ್ತೀರ, ಎರಡನೇ ದಿನ ಮರೀತೀರ. ನಾನು ಸರಿ ಮಾಡ್ತೀನಿ."

"ನೀನಾ? ಮೊದಲು ನಿನ್ನ ಸೈಕಲ್ ಚೈನ್ ಹಾಕೋದು ಕಲಿ."

ಬಾಬಾ ನಕ್ಕರು. ಯುಸ್ರಾ ನಗಲಿಲ್ಲ.

ಶಾಲೆಯ ಕಂಪ್ಯೂಟರ್ ವೈರಿನ ತುದಿಯಲ್ಲಿ ಒಂದು ಕಪ್ಪು ಗಂಟಿದ್ದದ್ದು ಅವಳಿಗೆ ನೆನಪಾಯಿತು. ಅದರ ಹೆಸರು ಫೆರೈಟ್, ವೈರಿನಲ್ಲಿ ಹರಿದು ಬರುವ ಗದ್ದಲವನ್ನು ಅದು ತಡೆಯುತ್ತದೆ ಎಂದು ಟೀಚರ್ ಹೇಳಿದ್ದರು. ಯುಸ್ರಾ ನೇರ ಮಾರ್ಕೆಟ್ಟಿನ ಹಿಂದೆ ಟಿವಿ, ರೇಡಿಯೊ ರಿಪೇರಿ ಮಾಡುವ ಸಲ್ವಾ ಅತ್ತೆಯ ಅಂಗಡಿಗೆ ಓಡಿದಳು.

"ಫೆರೈಟಾ? ಆ ಡಬ್ಬದಲ್ಲಿವೆ ನೋಡು," ಎಂದಳು ಸಲ್ವಾ ಅತ್ತೆ, ತಲೆಯೆತ್ತದೆ. "ಖಾರ ಸವರಿದ ಬ್ರೆಡ್ಡು ತಿಂದ ಕೈ ಒರೆಸ್ಕೊಂಡು ಮುಟ್ಟು. ನನ್ನ ಸಾಮಾನಿಗೆಲ್ಲ ಖಾರ ಹತ್ತಿಸ್ಬೇಡ."

ಯುಸ್ರಾ ಎಲ್ಲಕ್ಕಿಂತ ದೊಡ್ಡದನ್ನು ಆರಿಸಿಕೊಂಡಳು. ದೋಣಿಗೆ ವಾಪಸ್ ಬಂದು, ಅದನ್ನು ಚಿಪ್ಪಿನ ಹಾಗೆ ಬಾಯಿ ಬಿಡಿಸಿ, ರೇಡಿಯೊದ ವೈರಿಗೆ ಕಚ್ಚಿಸಿದಳು. ದೀಪ ಹಾಕಿದರೆ ಅದೇ ಚುಂಯ್‌ಯ್.

ಪಕ್ಕದ ದೋಣಿಯ ಯಜಮಾನ ಬೆಶೀರ್ ಇಣುಕಿ ನೋಡಿದ. "ಏನೋ ಮೊಂಜಿ, ನಿನ್ನ ಮಗಳು ರೇಡಿಯೊಗೆ ತಾಯಿತ ಕಟ್ಟಿದ್ದಾಳಲ್ಲೋ!"

ದಡದಲ್ಲಿದ್ದವರೆಲ್ಲ ನಕ್ಕರು. ಯುಸ್ರಾಳ ಕಿವಿ ಬಿಸಿಯಾಯಿತು. ಫೆರೈಟನ್ನು ಕಿತ್ತು ಜೇಬಿಗೆ ಹಾಕಿಕೊಂಡಳು. "ಬಾಬಾ, ಒಂದು ದೀಪ ಬಿಚ್ಚಿಕೊಡಿ."

"ಯಾಕೆ?"

"ಬೇಕು."

ಅವಳ ಮುಖ ನೋಡಿ ಬಾಬಾ ಬಿಚ್ಚಿಕೊಟ್ಟರು.

ಅಂಗಡಿಯಲ್ಲಿ ಸಲ್ವಾ ಅತ್ತೆ ದೀಪವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಗದ್ದಲ ಹುಟ್ಟೋದು ದೀಪದ ಹಿಂದಿರೋ ಈ ಪುಟ್ಟ ಡಬ್ಬಿಯಲ್ಲಿ. ವೈರು ಆಂಟೆನಾ ಥರ ಅದನ್ನ ದೋಣಿಯೆಲ್ಲ ಹರಡುತ್ತೆ. ನೀನು ಹೋಗಿ ರೇಡಿಯೊ ಹತ್ರ ಕಾವಲು ಹಾಕಿದ್ದೀಯ."

"ಇಲ್ಲೇ ಹಾಕಿದ್ರೆ ಸರಿಹೋಗುತ್ತಾ?"

"ಈ ದೊಡ್ಡದಾ? ಊಹೂಂ. ಎಲ್ಲ ಕಪ್ಪಗೇ ಕಾಣುತ್ತೆ, ಆದ್ರೆ ಒಂದೊಂದು ಒಂದೊಂದು ಥರದ ಪುಡಿಯಿಂದ ಮಾಡಿದ್ದು. ಇದು ಹಿಡಿಯೋದು ಕಡಿಮೆ ಫ್ರೀಕ್ವೆನ್ಸಿಯ ಗದ್ದಲ. ದೋಣಿ ರೇಡಿಯೊ ಕೆಲಸ ಮಾಡೋದು ತುಂಬ ಮೇಲಿನ ಫ್ರೀಕ್ವೆನ್ಸಿಯಲ್ಲಿ."

"ಮತ್ತೆ ಯಾವುದು ಸರಿ ಅಂತ ಹೆಂಗೆ ಗೊತ್ತಾಗುತ್ತೆ?"

"ಹೊಸದಾದ್ರೆ ಪೊಟ್ಟಣದ ಮೇಲೆ ಬರೆದಿರ್ತಾರೆ. ಇವೆಲ್ಲ ಹಳೇ ವೈರಿಂದ ಕತ್ತರಿಸಿದ್ದು. ಒಂದೊಂದೇ ಹಾಕು, ಕೇಳು. ನನಗೆ ಬೇರೆ ಕೆಲಸ ಇದೆ."

ಯುಸ್ರಾ ಟೇಬಲ್ಲಿನ ಮೇಲೆ ದೀಪ, ಅಂಗಡಿಯಲ್ಲೇ ಇದ್ದ ಒಂದು ಹಳೇ ದೋಣಿ ರೇಡಿಯೊ, ನೋಟ್‌ಬುಕ್ ಇಟ್ಟುಕೊಂಡು ಕೂತಳು. ಮೊದಲನೆಯದು: ಚುಂಯ್. ಎರಡನೆಯದು: ಚುಂಯ್. ಐದನೆಯದು: ಸ್ವಲ್ಪ ಕಡಿಮೆ, ಅಥವಾ ಅವಳಿಗೆ ಹಾಗನ್ನಿಸಿತೋ ಏನೋ. ಮತ್ತೆ ಹಾಕಿದಳು. ಇಲ್ಲ, ಅಷ್ಟೇ.

ಮೂರು ದಿನ ಶಾಲೆ ಬಿಟ್ಟ ಕೂಡಲೇ ಅಲ್ಲಿಗೆ. ಆ ಮೂರೂ ದಿನ ಬಾಬಾ ಐದು ದೀಪ ಇಟ್ಟುಕೊಂಡೇ ಸಮುದ್ರಕ್ಕೆ ಹೋದರು. ಬೆಳಿಗ್ಗೆ ಎದ್ದು ಯುಸ್ರಾ ಮೊದಲು ದಡಕ್ಕೆ ಹೋಗಿ, ದೋಣಿ ಬಂದಿದೆ ಅಂತ ನೋಡಿಕೊಂಡೇ ಶಾಲೆಗೆ ಹೋಗುತ್ತಿದ್ದಳು.

ಹನ್ನೊಂದನೆಯದು ಬೆರಳುಗಾತ್ರದ್ದು, ಹಳೆಯ ಕಂಪ್ಯೂಟರ್ ಪರದೆಯ ವೈರಿನದು. ದೀಪದ ಎರಡೂ ವೈರನ್ನು ಅದರೊಳಗೆ ಒಟ್ಟಿಗೆ ತೂರಿಸಿ, ಹಿಂದಿನ ಡಬ್ಬಿಗೆ ಅಂಟಿಕೊಂಡ ಹಾಗೆ ಹಾಕಿದಳು. ಗದ್ದಲ ತಗ್ಗಿತು! ವೈರನ್ನು ಇನ್ನೊಂದು ಸುತ್ತು ತೂರಿಸಿದಳು. ಇನ್ನೂ ತಗ್ಗಿತು. ಖುಷಿಯಿಂದ ಮೂರನೇ ಸುತ್ತು ಹಾಕಿದಳು. ಗದ್ದಲ ಹೆಚ್ಚಾಯಿತು.

"ಅತ್ತೆ! ಇದೇನು ಉಲ್ಟಾ?"

"ಸುತ್ತು ಜಾಸ್ತಿಯಾದ್ರೆ ಗದ್ದಲ ಒಂದು ಸುತ್ತಿಂದ ಇನ್ನೊಂದಕ್ಕೆ ಹಾರಿ ದಾಟಿಬಿಡುತ್ತೆ. ಎಷ್ಟು ಬೇಕೋ ಅಷ್ಟೇ." ಸಲ್ವಾ ಅತ್ತೆ ಈ ಸಲ ತಲೆಯೆತ್ತಿ ನಕ್ಕಳು. ಆಮೇಲೆ ಅವಳೇ ಅಟ್ಟದಿಂದ ಕೆಟ್ಟ ಪರದೆಗಳನ್ನು ಇಳಿಸಿ, ಅಂಥದೇ ಇನ್ನೈದು ಕತ್ತರಿಸಿಕೊಟ್ಟಳು.

ಶನಿವಾರ ಮಧ್ಯಾಹ್ನ ಆರೂ ದೀಪಕ್ಕೆ ಆರು ಫೆರೈಟ್ ಕೂತವು. ಬಾಬಾ ಸ್ವಿಚ್ ಒತ್ತಿದರು. ರೇಡಿಯೊದಲ್ಲಿ ಹಿಂದೆಲ್ಲೋ ಸಣ್ಣಗೆ 'ಸ್ಸ್' ಅನ್ನುತ್ತಿತ್ತು. ಅದರ ಮೇಲೆ ಬಂದರಿನವರ ದನಿ: "ಉತ್ತರದಿಂದ ಗಾಳಿ, ಸಮುದ್ರ ಶಾಂತ..."

ಬಾಬಾ ದೀಪ ಆರಿಸಿದರು. ಮತ್ತೆ ಹಾಕಿದರು. ಇನ್ನೊಮ್ಮೆ ಆರಿಸಿ ಹಾಕಿದರು. ಯುಸ್ರಾಳ ತಲೆಯ ಮೇಲೆ ಕೈಯಿಟ್ಟರು. ಕೈ ತುಂಬ ಹೊತ್ತು ಅಲ್ಲೇ ಇತ್ತು.

ಅಷ್ಟರಲ್ಲಿ ರೇಡಿಯೊ ಕೆಮ್ಮಿತು. ಪಕ್ಕದ ದೋಣಿಯಿಂದ ಬೆಶೀರ್. "ಮೊಂಜಿ, ದೀಪ ಉರೀತಿದೆ, ಆದ್ರೂ ಕೇಳಿಸ್ತಿದೆಯೇನೋ? ನನ್ನದೂ ಗೊರಗೊರ ಅಂತಿದೆ ಮಾರಾಯ. ಆ ತಾಯಿತ ಯಾವುದು, ನನಗೂ ಹೇಳೋ."

ಬಾಬಾ ಮೈಕನ್ನು ಮಗಳ ಕೈಗಿತ್ತರು. "ನೀನೇ ಹೇಳು."

ಯುಸ್ರಾ ಗುಂಡಿ ಒತ್ತಿದಳು. ಬೆರಳುಗಾತ್ರದ್ದು, ಎರಡು ಸುತ್ತು ಎಂದು ಬಾಯಿಗೆ ಬಂದೇಬಿಟ್ಟಿತ್ತು. ತಡೆದಳು. ಪಕ್ಕದ ದೋಣಿಯತ್ತ ನೋಡಿದಳು. ಅಲ್ಲಿದ್ದವು ಹಳೆಯ, ಹಳದಿ ದೀಪಗಳು. ಚುಂಯ್ ಅಂತಲ್ಲ, ಗೊರಗೊರ ಅಂತಿದೆ ಎಂದಿದ್ದ ಅವನು.

"ಬೆಶೀರ್ ಮಾಮ," ಎಂದಳು, "ಒಂದು ಸಲ ದೀಪ ಹಾಕಿ. ನಿಮ್ಮ ಗದ್ದಲ ಮೊದಲು ನಾನು ಕೇಳ್ಬೇಕು."