ಹದವಾಗಿದೆ ಅಂದವನು

“ಪುಣ್ಯ ಬರಲಿ ಅಂತ ನಿನ್ನ ಹತ್ರ ಸಾರು ಕೊಂಡ್ರೆ ಪಾಪ ಕಟ್ಟಿ ಕೊಟ್ಟಿದೀಯಲ್ಲೇ!”

ಪಿನ್ ಅಜ್ಜಿಯ ಗಂಟಲು ನದಿ ದಡದ ಪಾಕ್ ಪನಾಂಗ್ ಪೇಟೆಗೆಲ್ಲ ಕೇಳಿಸಿತು. ಚವೀವನ್ ಸೌಟು ಹಿಡಿದೇ ನಿಂತಳು. ಬೆಳಗಿನ ಹೊತ್ತು ಭಿಕ್ಷುಗಳ ಪಾತ್ರೆಗೆ ಹಾಕಲು ಅರ್ಧ ಬೀದಿ ಅವಳ ಅಂಗಡಿಯಿಂದಲೇ ಸಾರು ಒಯ್ಯುತ್ತಿತ್ತು.

“ಏನಾಯ್ತಜ್ಜಿ?”

“ವಿಹಾರದ ಹಿರಿಯರಿಗೆ ಬಾಯೆಲ್ಲ ಹುಣ್ಣು. ಮೂರು ದಿನದಿಂದ ಬರೀ ಅನ್ನ ನುಂಗ್ತಿದಾರೆ. ಪಾತ್ರೆಗೆ ಬಿದ್ದದ್ದನ್ನ ಖಾರ ಅನ್ನೋ ಹಾಗಿಲ್ಲ ಅವರು. ಊರಿನವರಿಗೆ ಏನು ಬಂದಿದೆ? ನಿನ್ನ ಮುಖ ನೋಡಿ ಸುಮ್ಮನೆ ಬೇರೆ ಅಂಗಡಿಗೆ ಹೋಗ್ತಿದಾರೆ. ನನಗೆ ಆ ದಾಕ್ಷಿಣ್ಯ ಇಲ್ಲಮ್ಮ.”

ಅಜ್ಜಿ ಹೋದಳು. ಚವೀವನ್ ನದಿ ಕಡೆಯ ಬೆಂಚಿನತ್ತ ತಿರುಗಿದಳು. ಅಲ್ಲಿ ಸಮ್ರಾನ್ ಕೂತಿದ್ದ. ದೋಣಿ ಎಂಜಿನ್ ರಿಪೇರಿಯವನು, ಐವತ್ತರ ಒಂಟಿ ಮನುಷ್ಯ, ದಿನದ ಮೊದಲ ಗಿರಾಕಿ.

ಎಂಟು ತಿಂಗಳ ಹಿಂದೆ ಬಂದ ಜ್ವರ ಚವೀವನ್‌ಳ ನಾಲಿಗೆಯನ್ನು ಒಯ್ದಿತ್ತು. ಉಪ್ಪಿಲ್ಲ, ಹುಳಿಯಿಲ್ಲ, ಸಿಹಿಯಿಲ್ಲ. ಮೆಣಸಿನ ಉರಿಯೊಂದೇ ಉಳಿದಿತ್ತು. ಬಾಯಿಗೆ ಏನಾದರೂ ತಿಳಿಯಲಿ ಎಂಬ ಆಸೆಗೆ ಒರಳಿಗೆ ಬೀಳುವ ಮೆಣಸು ದಿನದಿನಕ್ಕೆ ಹೆಚ್ಚಿತು. ಈ ಗುಟ್ಟು ಸಮ್ರಾನ್‌ಗೆ ಮಾತ್ರ ಗೊತ್ತಿತ್ತು.

“ಖಾರ ಹೆಚ್ಚಾಯ್ತಾ?” ಎಂದು ದಿನವೂ ಕೇಳುತ್ತಿದ್ದಳು.

“ಹದವಾಗಿದೆ,” ಎನ್ನುತ್ತಿದ್ದ ಅವನು. ಹೇಳಿ, ಓರೆಗಣ್ಣಲ್ಲಿ ಒಂದು ನಗು ಎಸೆಯುತ್ತಿದ್ದ. ಆ ನಗುವಿಗಾಗಿ ನಲವತ್ತನಾಲ್ಕರ ವಿಧವೆ ಬೆಳಗಿನಿಂದ ಕಾಯುತ್ತಿದ್ದಳು. ಅವನು ನದಿಗೆ ಮುಖಮಾಡಿ ಉಣ್ಣುತ್ತಿದ್ದುದು ಏಕೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಈಗ ಕುವಾ ಕ್ಲಿಂಗ್ ತುಂಬಿದ ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು. ಅರಿಸಿನ ಬೆರೆತ ಮಾಂಸದ ಒಣಪಲ್ಯ, ಮೇಲೆ ಸಣ್ಣಗೆ ಹೆಚ್ಚಿದ ನಿಂಬೆ ಎಲೆ.

“ಈ ಕಡೆ ತಿರುಗಿ ತಿನ್ನಿ. ಖಾರ ತಣಿಸೋ ಸೌತೆಕಾಯಿ ಮುಟ್ಟಬೇಡಿ.”

“ಇದೇನು, ಪರೀಕ್ಷೆನಾ?”

“ಹೌದು.”

ಮೊದಲ ತುತ್ತಿಗೆ ಅವನು ಅಲುಗಲಿಲ್ಲ. ಎರಡನೆಯದಕ್ಕೆ ತುಟಿ ಕೆಂಪಗೆ ಊದಿತು. ಮೂರನೆಯದಕ್ಕೆ ನೆತ್ತಿಯಿಂದ ಬೆವರು ಹರಿಯಿತು, ಕಿವಿ ಕಾದವು, ಮೂಗು ಸೋರಿತು. ಉರಿ ಗಂಟಲಿಗಿಳಿದು ಎದೆಯಲ್ಲಿ ಕೂತಿತು. ಬಿಕ್ಕಳಿಕೆ ಶುರುವಾಯಿತು. ಆದರೂ ಚಮಚ ಕೆಳಗಿಡಲಿಲ್ಲ.

“ಹದ... ಹದವಾಗಿ...”

“ಥೂ ಸುಳ್ಳ! ನನ್ನ ನಾಲಿಗೇನ ನಿನ್ನ ಬಾಯಲ್ಲಿ ಇಟ್ಟಿದ್ನಲ್ಲೋ!”

ಎಂದೂ ‘ನೀವು’ ತಪ್ಪದವಳು ಏಕವಚನಕ್ಕೆ ಇಳಿದಿದ್ದಳು. ಅವನು ತಡಬಡಿಸಿ ನೀರಿನ ಲೋಟ ಎತ್ತಿದ.

“ನೀರು ಕುಡೀಬೇಡ, ಇನ್ನೂ ಉರಿಯತ್ತೆ. ಅನ್ನ ನುಂಗು!” ಬೈಯುತ್ತಲೇ ಅನ್ನ ಬಡಿಸಿದಳು.

ಉಸಿರು ತಿರುಗಿದ ಮೇಲೆ ಸಮ್ರಾನ್ ಕೇಳಿದ, “ಖಾರ ಅಂದಿದ್ರೆ ಏನು ಮಾಡ್ತಿದ್ದೆ?”

“ಅಂಗಡಿ ಮುಚ್ಚಿ ಹಾಟ್ ಯೈನಲ್ಲಿರೋ ತಂಗಿ ಮನೆಗೆ ಹೋಗ್ತಿದ್ದೆ. ನಾಲಿಗೆ ಸತ್ತವಳಿಗೆ ಅಡುಗೆ ಅಂಗಡಿ ಯಾಕೆ?”

“ಅದಕ್ಕೇ ಅನ್ನಲಿಲ್ಲ.”

ಅವಳಿಗೆ ಅರ್ಥವಾಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

“ಇದಕ್ಕೆ ಪ್ರೀತಿ ಅಂತ ಹೆಸರಿಡಬೇಡ. ಹಿರಿಯರ ಬಾಯಿ ಸುಟ್ಟಿದೀವಿ ನಾವಿಬ್ರೂ. ನಾಳೆ ನೀನು ಚೆನ್ನಾಗಿದೆ ಅಂದ್ರೆ ನಾನು ಹೇಗೆ ನಂಬಲಿ?”

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿ ತಲೆ ತಗ್ಗಿಸಿ ಕೂತ.

ಚವೀವನ್ ಪಲ್ಯದ ಬಾಣಲೆಯನ್ನು ಬಕೆಟ್ಟಿಗೆ ಬಗ್ಗಿಸಿದಳು. ಮಧ್ಯಾಹ್ನ ದಾಟಿದರೆ ಭಿಕ್ಷುಗಳು ಉಣ್ಣುವುದಿಲ್ಲ. ಅಷ್ಟರೊಳಗೆ ಹಿರಿಯರಿಗೆ ಬಾಯಿಗೆ ಹಿತವಾದದ್ದನ್ನು ಒಯ್ದು ಕಾಲಿಗೆ ಬೀಳಬೇಕು. ಸೋರೆಕಾಯಿ ಸಾರಿಟ್ಟಳು, ಮೆಣಸಿಲ್ಲದೆ. ಉಪ್ಪನ್ನು ಅಂದಾಜಿನ ಮೇಲೆ ಹಾಕಿದಳು. ಒಂದು ಗುಟುಕು ಕುಡಿದಳು. ಏನೂ ಇಲ್ಲ. ಬಿಸಿಯೊಂದು ಬಾಯಲ್ಲಿ ಹಾದುಹೋಯಿತು, ಅಷ್ಟೇ. ಉರಿಯೂ ಇಲ್ಲದ ಆ ಬಾಯಿಗೆ ಅವಳು ಹೆದರಿದಳು. ಇದು ಸಾಯುವವರೆಗೂ ಹೀಗೇ ಇದ್ದರೆ?

“ಬಾ ಇಲ್ಲಿ,” ಎಂದಳು.

ಯಾವ ಗಿರಾಕಿಯೂ ಕಾಲಿಡದ ಒಲೆಯ ಮಗ್ಗುಲಿಗೆ ಸಮ್ರಾನ್ ಬಂದ. ಸೌಟು ಇಸಿದುಕೊಂಡು ಕುಡಿದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಹಳೆಯ ನಗು ತುಟಿಯವರೆಗೂ ಬಂತು. ಅವನು ಅದನ್ನು ನುಂಗಿಕೊಂಡ.

“ಉಪ್ಪು ಜಾಸ್ತಿ. ಕಾಯಿ ಬೆಂದಿಲ್ಲ. ಹಿರಿಯರಿಗೆ ಕೊಡೋ ಹಾಗಿಲ್ಲ.”

ಅವಳು ಗೋಡೆಗೆ ಮುಖಮಾಡಿದಳು. ಮೆಣಸಿಲ್ಲದೆಯೂ ಕಣ್ಣು ಉರಿಯಿತು.

“ಇನ್ನೊಂದ್ಸಲ ಹೇಳು.”

“ಚೆನ್ನಾಗಿಲ್ಲ, ಚವೀ.”

ಅಂಗಿಯ ತೋಳಿನಲ್ಲೇ ಮುಖ ಒರೆಸಿಕೊಂಡು, ಸಾರಿಗೆ ನೀರು ಬೆರೆಸಿ ಮತ್ತೆ ಕುದಿಸಿದಳು. ಈ ಸಲ ಸೌಟನ್ನು ಅವನ ಕೈಗೆ ಕೊಡಲಿಲ್ಲ. ತಾನೇ ಊದಿ ಆರಿಸಿ, ಅವನ ಊದಿದ ತುಟಿಗೆ ಹಿಡಿದಳು.