ಮೂರನೇ ಸಿಲಿಂಡರಿನ ಸದ್ದು

ಶುಕ್ರವಾರ ಸಂಜೆ ಐದೂಕಾಲಿಗೆ ಗ್ಯಾರೇಜಿನ ಯಜಮಾನ ಮಗಳ ಜೊತೆ ಠಾಣೆಯ ಮೆಟ್ಟಿಲು ಹತ್ತಿದ. ಡ್ರ್ಯಾಗ್ ರೇಸಿಗೆಂದು ಮೂರು ವರ್ಷ ಕೂತು ಕಟ್ಟಿದ ಎರಡು ಸಾವಿರ ಅಶ್ವಶಕ್ತಿಯ ಎಂಜಿನ್ ಮಧ್ಯಾಹ್ನ ಕಳುವಾಗಿತ್ತು. ಭಾನುವಾರ ಆ ಕಾರು ಓಡಿಸಬೇಕಾದವಳು ಮಗಳೇ.

"ಎಷ್ಟು ದೂರ ಓಡುತ್ತೆ?" ಎಫ್ಐಆರ್ ಬರೆಯುತ್ತಿದ್ದ ಕಾನ್‌ಸ್ಟೆಬಲ್ ಕೇಳಿದ.

"ನಾನೂರು ಮೀಟರು. ಏಳು ಸೆಕೆಂಡು."

"ಏಳು ಸೆಕೆಂಡಿಗೆ ಮೂರು ವರ್ಷವಾ! ನಮ್ಮ ಜೀಪು ಸ್ಟಾರ್ಟ್ ಆಗೋಕೇ ಅದಕ್ಕಿಂತ ಜಾಸ್ತಿ ಬೇಕು."

ಇನ್‌ಸ್ಪೆಕ್ಟರ್ ದುರುಗುಟ್ಟಿದರು. ಕಾನ್‌ಸ್ಟೆಬಲ್ ತಲೆ ತಗ್ಗಿಸಿದ. "ಬೆಲೆ ಎಷ್ಟು ಅಂತ ಬರೀಲಿ?"

ಯಜಮಾನ ಮಗಳ ಕಡೆ ನೋಡಿದ. ಮಗಳೇ ಹೇಳಿದಳು: "ಮನೆಯೊಂದು ಬಿಟ್ಟು ಎಲ್ಲಾ ಹೋಯ್ತು ಸಾರ್. ಅಮ್ಮನ ಮಾತೂ ಹೋಯ್ತು. ಅಪ್ಪನ ಜೊತೆ ಅವಳು ಮಾತಾಡಿ ವರ್ಷವಾಯ್ತು."

ಬೆಲೆಯ ಅಂಕಣ ಖಾಲಿ ಉಳಿಯಿತು.

ಆರೂ ಹತ್ತಕ್ಕೆ ಗ್ಯಾರೇಜಿನಲ್ಲಿ ಪಂಚನಾಮೆ. ಬೀಗ ಒಡೆದಿರಲಿಲ್ಲ. ಎಂಜಿನ್ ಎತ್ತಿದ ಚೈನ್ ಪುಲ್ಲಿಯ ಸರಪಳಿಯನ್ನು ಒಪ್ಪವಾಗಿ ಸುತ್ತಿ ಕೊಕ್ಕೆಗೆ ಹಾಕಲಾಗಿತ್ತು. ಬಿಚ್ಚಿದ ಪೈಪುಗಳ ಬಾಯಿಗೆ ಧೂಳು ಹೋಗದಂತೆ ಬಿಳಿ ಬಟ್ಟೆ ಕಟ್ಟಿ ಎರಡೆರಡು ಗಂಟು ಬಿಗಿಯಲಾಗಿತ್ತು.

"ಕಳ್ಳ ಕಸ ಗುಡಿಸಿ ಹೋಗಿದ್ದಾನೆ" ಎಂದರು ಇನ್‌ಸ್ಪೆಕ್ಟರ್. "ಬೀಗದ ಕೈ ಇನ್ಯಾರ ಹತ್ರ ಇದೆ?"

"ಲೇತ್ ಮೇಸ್ತ್ರಿ ಹತ್ರ" ಎಂದ ಯಜಮಾನ. "ಇವಳು ಮಾವ ಅಂತ ಕರೆಯೋದು ಅವರನ್ನೇ. ಸಿಲಿಂಡರ್ ಕೊರೆದದ್ದು ಅವರೇ. ಕಬ್ಬಿಣ ತಟ್ಟಿ, ಸದ್ದು ಕೇಳಿಯೇ ಗೋಡೆ ಎಷ್ಟು ದಪ್ಪ ಅಂತ ಹೇಳೋ ಮನುಷ್ಯ. ಅವರನ್ನ ಅನುಮಾನಿಸಿದರೆ ನಾಲಿಗೆ ಬಿದ್ದುಹೋದೀತು ಸಾರ್."

"ನನ್ನ ನಾಲಿಗೆ ತಾನೆ, ಬೀಳಲಿ."

ಶನಿವಾರ ಒಂಬತ್ತೂವರೆಗೆ ಇನ್‌ಸ್ಪೆಕ್ಟರ್ ಲೇತ್ ಅಂಗಡಿಯ ಬಾಗಿಲಲ್ಲಿ ನಿಂತರು. ಯಂತ್ರ ನಿಂತಿತ್ತು. ಅರವತ್ತು ದಾಟಿದ ಮೇಸ್ತ್ರಿ ಬೆನ್ನು ಹಾಕಿ ಅರದಿಂದ ಕಬ್ಬಿಣ ತಿಕ್ಕುತ್ತಿದ್ದರು. ಎರಡು ಸಲ ಕೂಗಿದರೂ ತಿರುಗಲಿಲ್ಲ. ಹೆಗಲು ಮುಟ್ಟಿದಾಗ ಬೆಚ್ಚಿದರು. ಮೂಲೆಯಲ್ಲಿದ್ದ ಹಳೆಯ ಎಂಜಿನ್ನಿನ ಪೈಪಿಗೂ ಅದೇ ಬಿಳಿ ಬಟ್ಟೆ, ಅದೇ ಎರಡು ಗಂಟು.

"ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?"

"ಇಲ್ಲೇ ಇದ್ದೆ."

ಇನ್‌ಸ್ಪೆಕ್ಟರ್ ಗೋಡೆಯತ್ತ ತಿರುಗಿ ಅದೇ ದನಿಯಲ್ಲಿ ಕೇಳಿದರು: "ಸಾಗಿಸಿದ ಗಾಡಿ ಯಾರದ್ದು?" ಉತ್ತರ ಬರಲಿಲ್ಲ. ಇತ್ತ ತಿರುಗಿದಾಗ ಮೇಸ್ತ್ರಿಯ ಕಣ್ಣು ಇನ್‌ಸ್ಪೆಕ್ಟರ್ ತುಟಿಯನ್ನೇ ಹುಡುಕುತ್ತಿತ್ತು.

"ಕಿವಿ ಯಾವಾಗಿಂದ ಹೀಗೆ?"

ಮೇಸ್ತ್ರಿ ಅರ ಕೆಳಗಿಟ್ಟು ಹಿಂಬಾಗಿಲು ತೆಗೆದರು.

ಎಂಜಿನ್ ಹಿತ್ತಿಲಲ್ಲಿ ಟಾರ್ಪಾಲಿನ ಕೆಳಗಿತ್ತು; ಅದರ ಮೇಲ್ಮುಚ್ಚಳವಾದ ಹೆಡ್ಡನ್ನು ಬಿಚ್ಚಿಡಲಾಗಿತ್ತು. ಮೂರನೇ ಸಿಲಿಂಡರಿಗೆ ಸೀಮೆಸುಣ್ಣದ ಸುತ್ತು. ದಪ್ಪ ಅಳೆಯುವ ಹೊಸ ಮೀಟರನ್ನು ಮೇಸ್ತ್ರಿ ತಾವೇ ತಂದು ಒಳಗೋಡೆಗೆ ಒತ್ತಿದರು. ಐದು ಮಿಲಿಮೀಟರ್ ಇರಬೇಕಾದಲ್ಲಿ ಎರಡು ತೋರಿಸಿತು.

"ಕೊರೆದು ತಟ್ಟಿ ನೋಡಿದಾಗ ಗಟ್ಟಿ ಸದ್ದೇ ಕೇಳಿಸಿತ್ತು. ಗುರುವಾರ ಹೆಡ್ ಬಿಚ್ಚಿದ್ದಾಗ ಮೀಟರ್ ಇಟ್ಟೆ. ಭಾನುವಾರ ಇದು ಸಿಡಿದಿದ್ರೆ ಮಗು ಬೆಂಕಿಯಲ್ಲಿ ಕೂತಿರ್ತಿತ್ತು."

"ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತಾ?" ಎಂಜಿನ್ ಗುರುತಿಸಲು ಮಗಳ ಜೊತೆ ಬಂದಿದ್ದ ಯಜಮಾನ ಕೇಳಿ, ಇನ್‌ಸ್ಪೆಕ್ಟರ್ ಕಡೆ ತಿರುಗಿದ. "ಸಾರ್, ದೂರು ವಾಪಸ್ ತಗೋತೀನಿ."

"ಅದನ್ನ ಕೋರ್ಟಿಗೆ ಹೇಳಿ."

ಹನ್ನೊಂದೂ ಇಪ್ಪತ್ತಕ್ಕೆ ದಸ್ತಗಿರಿ. ಕಾರಣ ಕೇಳಿದಾಗ ಮೇಸ್ತ್ರಿ ಹೇಳಿದ್ದನ್ನು ಇನ್‌ಸ್ಪೆಕ್ಟರ್ ಒಂದಕ್ಷರವೂ ಬದಲಿಸದೆ ಬರೆದುಕೊಂಡರು: "ನಲವತ್ತು ವರ್ಷ ಎಂಜಿನ್ನುಗಳ ಪಕ್ಕದಲ್ಲೇ ನಿಂತೆ. ಕಿವುಡ ಅನ್ನಿಸಿಕೊಳ್ಳೋದಕ್ಕಿಂತ ಕಳ್ಳ ಅನ್ನಿಸಿಕೊಳ್ಳೋದು ಸುಲಭ ಅನ್ನಿಸ್ತು."

ಮೇಸ್ತ್ರಿ ಜೀಪಿನತ್ತ ನಡೆಯುವಾಗ ಹಿಂದಿನಿಂದ ಹುಡುಗಿ "ಮಾವ" ಎಂದು ಕರೆದಳು. ಅವರು ನಡೆಯುತ್ತಲೇ ಇದ್ದರು. ಅವಳು ಓಡಿ, ಸುತ್ತಿ ಬಂದು, ಅವರ ಮುಖದೆದುರು ನಿಂತು, ನಿಧಾನವಾಗಿ ಮತ್ತೊಮ್ಮೆ ಕರೆದಳು.