ಹತ್ತು ಹೆಜ್ಜೆ ಮುಂದೆ

"ಧಡ್!"

ಮಧ್ಯಾಹ್ನದ ಊಟಕ್ಕೆಂದು ಟೈಲರಮ್ಮ ಎಳೆದ ಶಟರ್ ಕೈಜಾರಿ ನೆಲಕ್ಕೆ ಅಪ್ಪಳಿಸಿತು. ಮರುಕ್ಷಣವೇ ಯಾರೋ ಗಂಡಸು ಅವಳನ್ನು ಕೆಡವಿ, ಮೇಲೆ ಅಡ್ಡಬಿದ್ದು, ಅವಳ ತಲೆಯನ್ನು ಅಂಗೈಯಿಂದ ಮುಚ್ಚಿದ್ದ!

"ಏಳಬೇಡ! ತಲೆ ಎತ್ತಬೇಡ!"

ಹಾಡುಹಗಲು, ನಡುಬೀದಿ! ಅವಳು ಅವನನ್ನು ತಳ್ಳಿ ಎದ್ದವಳೇ ಕೆನ್ನೆಗೆ ಫಟಾರನೆ ಬಾರಿಸಿದಳು.

ಅವನು ಕೆನ್ನೆ ಕೂಡ ಮುಟ್ಟಿಕೊಳ್ಳಲಿಲ್ಲ. ಶಟರ್ ನೋಡಿದ. ಅವಳನ್ನು ನೋಡಿದ.

"ತಪ್ಪಾಯ್ತು... ಶಟರ್ ಅಂತ ಗೊತ್ತಾಗ್ಲಿಲ್ಲ."

ಪಕ್ಕದ ಸ್ಟೇಷನರಿ ಅಂಗಡಿಯ ಅಕ್ಕ ಎದ್ದುಬಿದ್ದು ಓಡಿಬಂದಳು. "ನನ್ನ ತಮ್ಮ ಕಣಮ್ಮ! ಯುದ್ಧದಿಂದ ಬಂದು ಎಂಟು ತಿಂಗಳಾಯ್ತು. ಬಂದಿದ್ದಾನೆ ಅಷ್ಟೇ... ಪೂರ್ತಿ ಬಂದಿಲ್ಲ."

ಮರುದಿನ ಬೆಳಿಗ್ಗೆ ಶಟರ್ ಸದ್ದೇ ಇಲ್ಲದೆ ಮೇಲೇರಿತು. ಯಾರೋ ಹಳಿಗಳಿಗೆ ಗ್ರೀಸ್ ಬಳಿದಿದ್ದರು. ಟೈಲರಮ್ಮ ಪಕ್ಕದಂಗಡಿಗೆ ಇಣುಕಿದಳು. ನೋಟ್‌ಬುಕ್ ಜೋಡಿಸುತ್ತಿದ್ದ ಸಿಪಾಯಿಯ ಉಗುರುಗಳೆಲ್ಲ ಕಪ್ಪು!

"ನಿಮಗೋಸ್ಕರ ಅಲ್ಲ, ನನಗೋಸ್ಕರ" ಎಂದ, ತಲೆ ಎತ್ತದೆ.

ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಹೀಗೆ ಶುರುವಾಯಿತು. ಬಸ್ ಸ್ಟಾಪಿನವರೆಗಿನ ರಸ್ತೆಯನ್ನು ಪೈಪ್ ಹಾಕಲು ಅಗೆದು ಮುಚ್ಚಿದ್ದರು. ದಿನಾ ಸಂಜೆ ಅವಳು ಅಂಗಡಿ ಮುಚ್ಚುವ ಹೊತ್ತಿಗೆ ಅವನು ಹೊರಗೆ ನಿಂತಿರುತ್ತಿದ್ದ. ಆದರೆ ಜೊತೆಗೆ ನಡೆಯುತ್ತಿರಲಿಲ್ಲ. ಹತ್ತು ಹೆಜ್ಜೆ ಮುಂದೆ! ಆಗಾಗ ನಿಂತು ಹಿಂದಿರುಗಿ, ಅವಳ ಮುಖವನ್ನಲ್ಲ, ಕಾಲುಗಳನ್ನು ನೋಡುತ್ತಿದ್ದ.

ಅವಳ ಎಡಗಾಲು ಹುಟ್ಟಿನಿಂದಲೇ ಗಿಡ್ಡ. ಕುಂಟು ಎಂದು ಬಿಟ್ಟುಹೋದ ಗಂಡುಗಳ ಲೆಕ್ಕವನ್ನು ಅವಳು ಎಂದೋ ಬಿಟ್ಟಿದ್ದಳು. ಅವನು ಕಾಲು ನೋಡಿದಾಗಲೆಲ್ಲ ಸೀರೆಯ ನೆರಿಗೆಯನ್ನು ಕೆಳಕ್ಕೆ ಎಳೆದುಕೊಳ್ಳುತ್ತಿದ್ದಳು. ಆದರೂ ಅವನಿಗೆ ಗುಟ್ಟಾಗಿ ಒಂದು ಅಂಗಿ ಹೊಲಿದಳು. ಅಳತೆ ಟೇಪು ಕುತ್ತಿಗೆಯ ಹತ್ತಿರ ಬಂದರೆ ಅವನು ಬೆವರುತ್ತಿದ್ದ, ಹಾಗಾಗಿ ಕಣ್ಣಳತೆಯೇ ಗತಿ.

ಬೆನ್ನು ಕರಾರುವಾಕ್ಕಾಗಿ ಕೂತಿತು. ಎದೆ ಮಾತ್ರ ದೊಗಳೆ!

"ನೀವು ತೋರಿಸಿದ್ದು ಬೆನ್ನು ಒಂದೇ ಅಲ್ವಾ? ಮುಂದಿನದು ನನಗೆ ಹೇಗೆ ಗೊತ್ತಾಗ್ಬೇಕು?"

ಅವನು ನಕ್ಕುಬಿಟ್ಟ. ಯುದ್ಧದಿಂದ ಬಂದ ಮೇಲೆ ಮೊದಲ ಸಲ ನಕ್ಕಿದ್ದು ಎಂದು ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಆ ನಗು ಕೊಟ್ಟ ಧೈರ್ಯದಲ್ಲೇ ಅಂದು ಸಂಜೆ ಟೈಲರಮ್ಮ ದಾಪುಗಾಲು ಹಾಕಿ ಅವನ ಪಕ್ಕಕ್ಕೆ ಬಂದಳು.

"ಹಿಂದೆ ಹೋಗು!"

ಅವನು ಅರಚಿದ ರಭಸಕ್ಕೆ ಸ್ಟಾಪಿನಲ್ಲಿದ್ದವರೆಲ್ಲ ತಿರುಗಿದರು. ಭುಜ ಹಿಡಿದು ಅವಳನ್ನು ಹಿಂದಕ್ಕೆ ನೂಕಿದ.

ಅವಳು ಅವನ ಕೈ ಕೊಡವಿದಳು. "ಕುಂಟಿ ಜೊತೆ ನಡೆಯೋಕೆ ಅಷ್ಟು ನಾಚಿಕೆನಾ? ಹಾಗಾದ್ರೆ ನಾಳೆಯಿಂದ ಬರಬೇಡಿ!"

ಅವನು ತಿರುಗಿ ಬಿರಬಿರನೆ ಹೊರಟುಹೋದ.

ಅವನು ಬರಲಿಲ್ಲ. ಒಂದು ದಿನ... ಎಂಟು ದಿನ... ಹದಿನೈದು ದಿನ. ಕೊನೆಗೆ ಅಕ್ಕನೇ ಬಂದು ಹೊಲಿಗೆ ಮಿಷನ್ನಿನ ಪಕ್ಕ ಕುಸಿದು ಕೂತಳು.

"ಗೋಡೌನ್‌ನಲ್ಲಿ ಬಾಗಿಲು ಹಾಕ್ಕೊಂಡು ಕೂತಿದ್ದಾನೆ. ಅನ್ನ ಮುಟ್ಟಲ್ಲ. ಇವತ್ತು ಅವನ ಬೆಲ್ಟು, ಬ್ಲೇಡು ಎಲ್ಲಾ ಬಚ್ಚಿಟ್ಟು ಬಂದೆ ಕಣಮ್ಮ."

ಟೈಲರಮ್ಮನ ಕಾಲು ಪೆಡಲಿನ ಮೇಲೇ ನಿಂತುಹೋಯಿತು.

"ಅವನದು ನೆಲದಲ್ಲಿ ಹೂತಿಟ್ಟ ಬಾಂಬ್ ಹುಡುಕೋ ಕೆಲಸ. ಮುಂದಿನವನು ನೆಲ ನೋಡ್ಕೊಂಡು ಹೋಗ್ಬೇಕು. ಹಿಂದಿನವನು ಅವನ ಹೆಜ್ಜೆ ಮೇಲೇ ಕಾಲಿಡಬೇಕು, ಪಕ್ಕಕ್ಕೆ ಒಂದಡಿ ಸರಿಯೋ ಹಾಗಿಲ್ಲ. ಇವನ ಸ್ನೇಹಿತನಿಗೆ ಮಗು ಹುಟ್ಟಿತ್ತಂತೆ. 'ಫೋಟೋ ತೋರಿಸು, ಪಕ್ಕಕ್ಕೆ ಬಾ' ಅಂತ ಇವನೇ ಕರೆದನಂತೆ. ಆ ಸ್ನೇಹಿತ ಕಾಲು ಪಕ್ಕಕ್ಕಿಟ್ಟಿದ್ದೇ ತಡ, ನೆಲ ಸಿಡೀತಂತೆ..."

ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು.

*ಅವನು ನೋಡ್ತಿದ್ದಿದ್ದು ನನ್ನ ಕುಂಟನ್ನಲ್ಲ... ನಾನು ಎಲ್ಲಿ ಕಾಲಿಡ್ತೀನಿ ಅಂತ! ಅಯ್ಯೋ, ನಾನೆಂಥ ಮಾತಾಡಿಬಿಟ್ಟೆ!*

"ಡಾಕ್ಟರಿಗೆ ತೋರಿಸಿಲ್ವಾ ಅಕ್ಕಾ?"

"ಯುದ್ಧದಿಂದ ಬಂದವರನ್ನೆಲ್ಲ ಕೂರಿಸಿ ಮಾತಾಡಿಸೋ ಡಾಕ್ಟರಮ್ಮ ಒಬ್ರು ಇದ್ದಾರೆ. ಆಸ್ಪತ್ರೆ ಅಂಗಳ ಈಗಷ್ಟೇ ಅಗೆದ ಮಣ್ಣು. ಮೂರು ಸಲ ಗೇಟಿನವರೆಗೂ ಹೋಗಿ ವಾಪಸ್ ಬಂದ."

ಟೈಲರಮ್ಮ ಆಗಲೇ ಎದ್ದಿದ್ದಳು.

ಗೋಡೌನಿನ ಬಾಗಿಲನ್ನು ಅವಳು ಬಡಿಯಲಿಲ್ಲ, ಸದ್ದಿಗೆ ಅವನು ಬೆಚ್ಚಬಾರದಲ್ಲ. ಹೊರಗೇ ಕೂತು ಮೆಲ್ಲಗೆ ಹೇಳಿದಳು. "ನಾನು, ಟೈಲರಮ್ಮ. ತಪ್ಪು ತಿಳ್ಕೊಂಡೆ. ಬಾಗಿಲು ತೆಗೆಯೋವರೆಗೂ ಇಲ್ಲೇ ಕೂತಿರ್ತೀನಿ."

ಒಂದು ಗಂಟೆಯ ನಂತರ ಚಿಲಕ ಸರಿಯಿತು. ಗಡ್ಡ ಬೆಳೆದ, ಕಣ್ಣು ಗುಳಿಬಿದ್ದ ಮುಖ. ಮೈಮೇಲೆ ಅದೇ ದೊಗಳೆ ಅಂಗಿ.

ಅವಳು ಅವನನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೊರಟಳು, ಆದರೆ ಆಸ್ಪತ್ರೆಯ ಗೇಟಿನಲ್ಲಿ ಅವನ ಕಾಲು ಕಿತ್ತುಬರಲಿಲ್ಲ. ಸಡಿಲ ಮಣ್ಣನ್ನೇ ನೋಡುತ್ತಾ ಉಸಿರಿಗೆ ಒದ್ದಾಡಿದ.

"ಇವತ್ತು ನಾನು ಮುಂದೆ" ಎಂದಳು ಅವಳು. "ನನ್ನ ಹೆಜ್ಜೆ ಮೇಲೇ ಕಾಲಿಡಿ. ಕುಂಟಿ ಹೆಜ್ಜೆ, ಒಂದು ಆಳ, ಒಂದು ಮೇಲೆ... ಗುರುತು ತಪ್ಪೋ ಮಾತೇ ಇಲ್ಲ!"

"ಬೇಡ! ನಿಮಗೇನಾದ್ರೂ ಆದ್ರೆ..."

ಅವಳು ಆಗಲೇ ನಡೆದಿದ್ದಳು. ಹಿಂದೆ ತಿರುಗಿ ನೋಡಲಿಲ್ಲ. ನೋಡಲು ಅವಳಿಗೂ ಭಯ... ಇವನು ಬಾರದೆ ಹೋದರೆ?

ನಾಲ್ಕನೇ ಹೆಜ್ಜೆಗೆ ಹಿಂದಿನಿಂದ ಮಣ್ಣು ಸರಿದ ಸದ್ದು ಕೇಳಿತು. ನಿಂತಿತು. ಮತ್ತೆ ಕೇಳಿತು. ಅಂಗಳದ ನಡುವೆ ಅದು ಪೂರ್ತಿ ನಿಂತೇಹೋಯಿತು. ಅವಳು ತಿರುಗಿದಳು. ಅವನು ಬೆವರಿನಲ್ಲಿ ತೊಯ್ದು, ಅವಳ ಹೆಜ್ಜೆಯ ಪಕ್ಕದ ತುಳಿಯದ ಮಣ್ಣನ್ನು ದಿಟ್ಟಿಸುತ್ತಿದ್ದ.

ಅವನು ಕಣ್ಣು ಮುಚ್ಚಿದ. ಹಲ್ಲು ಕಚ್ಚಿ ಕಾಲನ್ನು ಪಕ್ಕಕ್ಕಿಟ್ಟ. ಇನ್ನೊಂದು ಹೆಜ್ಜೆ. ಮತ್ತೊಂದು. ಅವಳ ಪಕ್ಕ ಬಂದು ನಿಂತ.

ಅಂಗಳದಲ್ಲಿ ಯಾರೋ ಕೆಮ್ಮಿದರು. ಒಳಗೆ ಕುರ್ಚಿ ಎಳೆದ ಸದ್ದಾಯಿತು. ಅವನು ಬೆಚ್ಚಿ ಅವಳ ಕೈಯನ್ನು ಮೂಳೆ ನೋಯುವಷ್ಟು ಬಿಗಿಯಾಗಿ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

"ಅವನನ್ನ ಕರೆದಿದ್ದು ನಾನೇ..." ಎಂದ ಅವನು. "ನಿಮ್ಮನ್ನ ಪಕ್ಕಕ್ಕೆ ಕರೆಯೋಕೆ ಹೆದರಿಕೆ ಆಯ್ತು. ನಾಚಿಕೆ ಅಲ್ಲ. ನೀವಂದ್ರೆ ಪ್ರಾಣ."

"ನೀವು ಕರೀಲಿಲ್ಲ. ನಾನಾಗೇ ಬಂದಿದ್ದೀನಿ" ಎಂದಳು ಅವಳು, ಕಣ್ಣೀರು ಒರೆಸಿಕೊಳ್ಳದೆ.

ಅವನು ನೆಲ ನೋಡಿದ. ನಾಲ್ಕು ಪಾದಗಳು, ಒಂದೇ ಸಾಲು.

"ಏನೂ... ಆಗ್ಲಿಲ್ಲ" ಎಂದ ನಿಧಾನಕ್ಕೆ.

"ಹೂಂ. ಏನೂ ಆಗ್ಲಿಲ್ಲ. ಬನ್ನಿ, ಡಾಕ್ಟರಮ್ಮ ಕಾಯ್ತಿದ್ದಾರೆ."